ಮಲಗುವ ಕೋಣೆಯ ಬಾಯ್ಲರು

ನನ್ನ ಹೆಂಡತಿ ತೀರಿಕೊಂಡಾಗ ಅವಳ ಹೆಸರಿನಲ್ಲಿ ಒಂದು ಆಕಾಶನೌಕೆ ಇತ್ತು. ಮನೆ ನನ್ನ ಹೆಸರಿನಲ್ಲಿತ್ತು, ವಿದ್ಯುತ್ ಮೀಟರು ಇನ್ನೂ ನನ್ನ ತಂದೆಯವರ ಹೆಸರಿನಲ್ಲಿತ್ತು. ನೌಕೆ ಮಾತ್ರ ಪೂರ್ತಿ ಅವಳದು. ಸಮಾಧಾನ ಹೇಳಲು ಬಂದವರಿಗೆ ಈ ಸಂಗತಿ ತಿಳಿಸಿದೆ. ಅವರು ನನ್ನ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡು, "ಸ್ವಲ್ಪ ನಿದ್ದೆ ಮಾಡಿ," ಎಂದರು.

ನಾನು ಹೇಳಿದ್ದು ನಿಜವಾಗಿತ್ತು. ಅವಳು ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಕಲಿಸಿದವಳು. ನಿವೃತ್ತಿಯಾದ ವರ್ಷವೇ ಮಂಡಿನೋವು ಬಂತು. ಮೆಟ್ಟಿಲು ಇಳಿಯಲಾಗದವಳು ಒಂದು ದಿನ, "ಭೂಮಿ ಆಯ್ತು, ಇನ್ನು ಮೇಲಿಂದು ನೋಡೋಣ," ಎಂದು ಕಂಪ್ಯೂಟರಿನಲ್ಲಿ ಬಾಹ್ಯಾಕಾಶದ ಆಟ ಹಿಡಿದಳು. ಆ ಆಟದಲ್ಲಿ ಎಣಿಸಲಾಗದಷ್ಟು ಸೂರ್ಯರಿದ್ದಾರೆ. ನೌಕೆಯಲ್ಲಿ ಕೂತು ಬೇಕಾದ ಕಡೆ ಹೋಗಬಹುದು, ಬೇಕಾದ ಗ್ರಹದಲ್ಲಿ ಇಳಿಯಬಹುದು, ಅಲ್ಲೇ ಮನೆಯನ್ನೂ ಕಟ್ಟಬಹುದು. ಮಂಡಿಯ ಅಗತ್ಯ ಎಲ್ಲಿಯೂ ಇಲ್ಲ.

ಅದಕ್ಕೆ ಬೇಕಾದ ಗ್ರಾಫಿಕ್ಸ್ ಕಾರ್ಡನ್ನು ಕೊಳ್ಳಲು ನಾವಿಬ್ಬರೂ ಒಟ್ಟಿಗೆ ಹೋಗಿದ್ದೆವು. ನಮ್ಮ ಬೀದಿಯ ಕೊನೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವವನೇ ತೋರಿಸಿದ. "ತೆರೆಯ ಮೇಲಿನ ಚಿತ್ರ ಎಲ್ಲಾ ಇದೇ ಬರೆಯೋದಮ್ಮ. ತುಂಬಾ ಮೇಲಿನ ದರ್ಜೆದೂ ಇದೆ, ತುಂಬಾ ಕೆಳಗಿನದೂ ಇದೆ."

"ನಡುವಿಂದು ಕೊಡಪ್ಪ," ಎಂದಳು ಅವಳು. "ನಾವು ಎಲ್ಲದರಲ್ಲೂ ನಡುವಿನವರೇ."

ಆಮೇಲೆ ದಿನವೂ ಸಂಜೆ ನಾಲ್ಕರಿಂದ ಆರರವರೆಗೆ ಅವಳು ಆಕಾಶದಲ್ಲಿರುತ್ತಿದ್ದಳು. ನಾನು ಪಕ್ಕದ ಕುರ್ಚಿಯಲ್ಲಿ ಪತ್ರಿಕೆ ಹಿಡಿದು ಕೂತಿರುತ್ತಿದ್ದೆ. "ರೀ, ಇಲ್ಲಿ ನೋಡಿ, ಈ ಊರಿಗೆ ಮೂರು ಚಂದ್ರ," ಎನ್ನುತ್ತಿದ್ದಳು. ನಾನು ಸಂಪಾದಕೀಯದ ನಡುವೆ ಇರುತ್ತಿದ್ದೆ. ಆ ಸಂಪಾದಕೀಯಗಳಲ್ಲಿ ಏನಿತ್ತೆಂದು ಈಗ ಒಂದಕ್ಷರವೂ ನೆನಪಿಲ್ಲ. ಮೂರು ಚಂದ್ರರನ್ನು ನೋಡುವ ಭಾಗ್ಯವನ್ನು ದೇವರು ತಾನಾಗಿ ಮನೆಗೆ ಕಳಿಸಿದ್ದ. ನಾನು ಪುಟ ತಿರುಗಿಸಿದೆ.

ಆಸ್ಪತ್ರೆಯಲ್ಲಿ, ಕೊನೆಯ ವಾರ, ಅವಳು ನನ್ನನ್ನು ಹತ್ತಿರ ಕರೆದಳು. "ಅಲ್ಲೊಂದು ಮನೆ ಕಟ್ಟಿದ್ದೀನಿ. ನೀವು ಒಂದು ಸಲವೂ ಬಂದು ನೋಡಲಿಲ್ಲ."

"ಮೊದಲು ನೀನು ಹುಷಾರಾಗು. ಆಮೇಲೆ ನೋಡೋಣ."

"ನಾನು ಹುಷಾರಾಗೋದಕ್ಕೂ ಮನೆ ನೋಡೋದಕ್ಕೂ ಏನು ಸಂಬಂಧ? ನೌಕೆ ಸರಿಯಾಗಿ ಮನೆ ಮೇಲೇ ನಿಲ್ಲಿಸಿ ಬಂದಿದ್ದೀನಿ. ಇಳಿಸೋದಷ್ಟೇ ಬಾಕಿ. ಹೋಗಿ ನೋಡಿ."

ನಾಲ್ಕು ತಿಂಗಳು ಆ ಯಂತ್ರದ ಮೇಲಿನ ಬಟ್ಟೆ ಸರಿಸಲು ನನ್ನಿಂದ ಆಗಲಿಲ್ಲ. ಐದನೆಯ ತಿಂಗಳು, ಒಂದು ಬುಧವಾರ, ಬೆಳಗಿನ ಪ್ರಾರ್ಥನೆ ಮುಗಿಸಿ ಬಟ್ಟೆ ತೆಗೆದು ಗುಂಡಿ ಒತ್ತಿದೆ. ತೆರೆಯ ಅಂಚಿನಲ್ಲಿ ಅವಳೇ ಅಂಟಿಸಿದ್ದ ಚೀಟಿ ಇತ್ತು: ಮುಂದಕ್ಕೆ ಯಾವ ಕೀಲಿ, ತಿರುಗಲು ಯಾವ ಕೀಲಿ, ಇಳಿಯಲು ಯಾವ ಕೀಲಿ. ಕೆಳಗೆ, 'ಅವಸರ ಮಾಡಬೇಡಿ' ಎಂದಿತ್ತು. ಅದು ತನಗಾಗಿ ಬರೆದುಕೊಂಡದ್ದಲ್ಲವೆಂದು ಅಕ್ಷರದ ಗಾತ್ರ ನೋಡಿಯೇ ಗೊತ್ತಾಯಿತು.

ನೌಕೆ ಅವಳು ಹೇಳಿದಲ್ಲೇ ಇತ್ತು. ಕೆಳಗೆ ಹಸಿರು ಗ್ರಹ. ಇಳಿಯುವ ಕೀಲಿ ಒತ್ತಿದೆ. ಮೋಡದ ಹತ್ತಿರ ಹೋಗುತ್ತಿದ್ದಂತೆ ಚಿತ್ರ ಎಡವತೊಡಗಿತು, ಪೆಟ್ಟಿಗೆಯೊಳಗಿನ ಫ್ಯಾನು ಗುಂಯ್ಯೆಂದು ಕೂಗಿತು, ತೆರೆ ಕಪ್ಪಾಯಿತು. ಮೂರು ಸಲ ಹೀಗೇ ಆಯಿತು.

ಗುರುವಾರ ಬೆಳಿಗ್ಗೆ ರಿಪೇರಿಯವನನ್ನು ಕರೆಸಿದೆ. ಒಂಬತ್ತು ವರ್ಷಗಳಲ್ಲಿ ಅವನಿಗೂ ಕನ್ನಡಕ ಬಂದಿತ್ತು. ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ ಟಾರ್ಚು ಬಿಟ್ಟು ನೋಡಿದ.

"ಆಕಾಶದಲ್ಲಿ ತೊಂದ್ರೆ ಇಲ್ಲ ಸಾರ್. ಅಲ್ಲಿ ಬರೆಯೋಕೆ ಏನಿದೆ? ಕಪ್ಪು, ನಾಲ್ಕು ಚುಕ್ಕಿ. ಗ್ರಹದ ಹತ್ತಿರ ಹೋದ್ರೆ ಹುಲ್ಲು, ಮೋಡ, ಮರ, ಮರದ ನೆರಳು. ಎಲ್ಲಾ ಈ ಕಾರ್ಡೇ ಬರೀಬೇಕು. ಸೆಕೆಂಡಿಗೆ ಅರವತ್ತು ಚಿತ್ರ ಬರೆದ್ರೆ ಓಡಿದ ಹಾಗೆ ಕಾಣುತ್ತೆ. ಮೂವತ್ತು ಬರೆದ್ರೆ ನಡೆದ ಹಾಗೆ. ಇದು ಒಂಬತ್ತು ಬರೀತಿದೆ."

"ಒಂಬತ್ತು ಅಂದ್ರೆ?"

"ಮಂಡಿನೋವು."

"ಮೊದಲು ಚೆನ್ನಾಗೇ ಇಳೀತಿತ್ತಲ್ಲಯ್ಯ."

"ಮೊದಲು ಆಟ ಚಿಕ್ಕದಿತ್ತು ಸಾರ್. ವರ್ಷ ವರ್ಷ ಅಪ್‌ಡೇಟ್ ಬಂದು ಆಟ ಬೆಳೀತು. ಕಾರ್ಡು ಬೆಳೀಲಿಲ್ಲ. ಶನಿವಾರ ಇನ್ನೊಂದು ದೊಡ್ಡ ಅಪ್‌ಡೇಟ್ ಇದೆ. ಅದು ಬಂದ ಮೇಲೆ ಈ ಕಾರ್ಡಿನಲ್ಲಿ ಆಟ ತೆರೆಯೋದೇ ಇಲ್ಲ."

"ಹಾಗಾದ್ರೆ ಹೊಸ ಕಾರ್ಡು ಹಾಕು."

"ಈ ಪೆಟ್ಟಿಗೆಗೆ ಹೊಸದು ಹೊಂದಲ್ಲ. ಇಡೀ ಯಂತ್ರ ಬದಲಾಯಿಸಬೇಕು. ಹೊಸ ಯಂತ್ರದಲ್ಲಿ ಆಟ ಪಾಸ್‌ವರ್ಡ್ ಕೇಳುತ್ತೆ. ಅಮ್ಮ ಏನು ಇಟ್ಟಿದ್ರು?"

ನಲವತ್ತೊಂದು ವರ್ಷ ಸಂಸಾರ ಮಾಡಿದ ನನಗೆ ಗೊತ್ತಿರಲಿಲ್ಲ. ನನ್ನ ಹೆಸರಿರಬಹುದೆಂದು ಬಾಯಿಗೆ ಬಂತು. ಸಂಪಾದಕೀಯಗಳು ನೆನಪಾಗಿ, "ಗೊತ್ತಿಲ್ಲ," ಎಂದೆ.

ಒಟ್ಟಿನಲ್ಲಿ ಆ ಮನೆ ನೋಡಬೇಕಾದರೆ ಈ ಹಳೆಯ ಕಾರ್ಡಿನಲ್ಲೇ ನೋಡಬೇಕು, ಶುಕ್ರವಾರದೊಳಗೇ ನೋಡಬೇಕು. ರಿಪೇರಿಯವನು ಕಾರ್ಡನ್ನು ಬಿಚ್ಚಿ, ಶಾಖ ಸಾಗಿಸಲು ಹಚ್ಚಿದ್ದ ಒಣಗಿದ ಪೇಸ್ಟು ಕೆರೆದು ಹೊಸದು ಹಚ್ಚಿದ. ಬ್ರಷ್ಷಿನಿಂದ ಫ್ಯಾನಿನ ಧೂಳು ತೆಗೆಯುವಾಗ ಅದರ ಕಡ್ಡಿಗೆ ಸುತ್ತಿಕೊಂಡಿದ್ದ ಒಂದು ಉದ್ದನೆಯ ಬಿಳಿ ಕೂದಲು ಬಂತು. ಅವನು ಅದನ್ನು ಒಂದು ಕಾಗದದ ಮೇಲಿಟ್ಟ. ನಾನು ಕಾಗದ ಮಡಿಸಿ ಜೇಬಿನಲ್ಲಿಟ್ಟುಕೊಂಡೆ.

ಕೊನೆಗೆ ಅವನು ಸೆಟ್ಟಿಂಗ್ಸ್ ತೆರೆದು, ಹುಲ್ಲು ಕಡಿಮೆ ಮಾಡಿದ, ಮೋಡ ತೆಳ್ಳಗೆ ಮಾಡಿದ. "ನೆರಳು ತೆಗೆದುಬಿಡ್ಲಾ ಸಾರ್?"

"ನೆರಳಿಲ್ಲದ ಕಡೆ ಅವಳು ಮನೆ ಕಟ್ಟೋಳಲ್ಲ. ಮನೆ ಹತ್ತಿರದ್ದು ಸ್ವಲ್ಪ ಉಳಿಸು."

"ಹಾಗಾದ್ರೆ ಬಿಸಿಯಾಗುತ್ತೆ. ತೆರೆ ಮೂಲೇಲಿ ಶಾಖ ತೋರಿಸುತ್ತೆ, ನೋಡ್ತಾ ಇರಿ. ತೊಂಬತ್ತೈದು ಮುಟ್ಟಿದ್ರೆ ತಾನೇ ಆಫ್ ಆಗುತ್ತೆ."

"ಸುರಕ್ಷತಾ ಕವಾಟ ಎಲ್ಲಿದೆ?"

"ಏನು ಸಾರ್?"

"ಶಾಖ ಮೀರಿದಾಗ ಶಿಳ್ಳೆ ಹೊಡೆದು ಒತ್ತಡ ಬಿಡೋ ಕವಾಟ."

"ಅಂಥದ್ದು ಇಲ್ಲ ಸಾರ್."

ಇಲ್ಲಿ ನನ್ನ ಉದ್ಯೋಗ ಹೇಳಬೇಕು. ನಾನು ಮೂವತ್ತನಾಲ್ಕು ವರ್ಷ ಬಾಯ್ಲರ್ ಇನ್ಸ್‌ಪೆಕ್ಟರನಾಗಿದ್ದೆ. ಕಾರ್ಖಾನೆಗಳ ಉಗಿಯ ಬಾಯ್ಲರುಗಳನ್ನು ಪರೀಕ್ಷಿಸಿ ಪರವಾನಗಿ ಕೊಡುವ ಕೆಲಸ. ಮದುವೆಯಾದ ಹೊಸದರಲ್ಲಿ ಅವಳನ್ನೂ ಒಂದು ಕಾಗದದ ಗಿರಣಿಗೆ ಕರೆದುಕೊಂಡು ಹೋಗಿದ್ದೆ. ಹೊಸ ಹೆಂಡತಿಗೆ ತೋರಿಸಲು ನನ್ನ ಬಳಿ ಬೇರೆ ವೈಭವವಿರಲಿಲ್ಲ. ಅವಳು ಆ ದೈತ್ಯನನ್ನೂ ನನ್ನನ್ನೂ ಒಂದೊಂದು ಸಲ ನೋಡಿ, "ಇದು ನಿಮ್ಮ ಹಾಗೇ. ಹೊರಗೆ ಸುಮ್ಮನೆ ನಿಂತಿರುತ್ತೆ, ಒಳಗೆ ಕುದೀತಿರುತ್ತೆ," ಎಂದಳು. ಬೆಂಕಿ ಹಾಕುವವರು ಸಲಿಕೆ ಬಿಟ್ಟು ನಕ್ಕರು. ಇಲಾಖೆಯ ಗೌರವಕ್ಕೆ ಧಕ್ಕೆ ಬಂದ ಆ ದಿನ ನನ್ನ ಬದುಕಿನ ಅತ್ಯಂತ ಸಂತೋಷದ ದಿನಗಳಲ್ಲಿ ಒಂದು.

ಕವಾಟವಿಲ್ಲದ ಯಂತ್ರವನ್ನು ಪೂರ್ಣ ಹೊರೆಯಲ್ಲಿ ನಡೆಸಲು ನಾನು ಯಾರಿಗೂ ಅನುಮತಿ ಕೊಟ್ಟವನಲ್ಲ. ನನಗೇ ಹೇಗೆ ಕೊಟ್ಟುಕೊಳ್ಳಲಿ? ಕಾನೂನಿನಂತೆ ಇಪ್ಪತ್ತನಾಲ್ಕು ಗಂಟೆ ಮೊದಲು ತಪಾಸಣೆಯ ನೋಟೀಸು ಹಚ್ಚಬೇಕು. ಮೇಜಿನ ಖಾನೆಯಲ್ಲಿ ಇಲಾಖೆಯ ಹಳೆಯ ನಮೂನೆಗಳು ಒಂದು ಕಟ್ಟು ಉಳಿದಿದ್ದವು. ಒಂದನ್ನು ತೆಗೆದು ಶುದ್ಧ ಮನಸ್ಸಿನಿಂದ ತುಂಬಿದೆ.

'ಬಾಯ್ಲರು ಇರುವ ಸ್ಥಳ: ಮೂರನೆಯ ಮಹಡಿ, ಮಲಗುವ ಕೋಣೆ. ಮಾಲೀಕರು: ದಿವಂಗತರು. ವಯಸ್ಸು: ಒಂಬತ್ತು ವರ್ಷ. ದರ್ಜೆ: ಮಧ್ಯಮ. ಈಚಿನ ವರ್ತನೆ: ಮೂರು ಬಾರಿ ಏಕಾಏಕಿ ನಿಂತಿದೆ. ಸುರಕ್ಷತಾ ಕವಾಟ: ಕಣ್ಣಿಗೆ ಬೀಳಲಿಲ್ಲ. ಮೀರಬಾರದ ಶಾಖ: ತೊಂಬತ್ತು ಡಿಗ್ರಿ. ಪೂರ್ಣ ಹೊರೆಯ ಪರೀಕ್ಷೆ: ಶುಕ್ರವಾರ ಸಂಜೆ ನಾಲ್ಕಕ್ಕೆ. ಆ ವೇಳೆಯಲ್ಲಿ ನಿವಾಸಿಗಳು ದೊಡ್ಡ ವಿದ್ಯುತ್ ಯಂತ್ರಗಳನ್ನು ನಡೆಸದೆ ಸಹಕರಿಸತಕ್ಕದ್ದು.'

'ಬಾಯ್ಲರು' ಎಂಬ ಅಚ್ಚಿನ ಪದವನ್ನು ಹೊಡೆದುಹಾಕಲೇ ಎಂದು ಒಮ್ಮೆ ಅನಿಸಿತು. ಆದರೆ ಸರ್ಕಾರ ಅಚ್ಚು ಹಾಕಿಸಿದ್ದನ್ನು ತಿದ್ದಲು ನಾನು ಯಾರು? ಸಹಿ ಹಾಕಿ, ಮೊಹರು ಒತ್ತಿ, ನಾಲ್ಕು ಗಂಟೆಗೆ ಸರಿಯಾಗಿ ಬಾಗಿಲಿನ ಹೊರಗೆ ಅಂಟಿಸಿದೆ.

ಐದಕ್ಕೆ ಬಾಗಿಲು ಬಡಿದ ಸದ್ದಾಯಿತು. ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿ ನಿಂತಿದ್ದರು. ನೀರಿನ ಟ್ಯಾಂಕಿನಿಂದ ಪಾರಿವಾಳದವರೆಗೆ ಎಲ್ಲದರ ಮೇಲೂ ಸುತ್ತೋಲೆ ಹೊರಡಿಸುವುದರಿಂದ ಅವರಿಗೆ 'ಸುತ್ತೋಲೆ' ಎಂದೇ ಹೆಸರು. ಅವರ ಹಿಂದೆ ಎದುರು ಮನೆಯ ಹೊಲಿಗೆಯಮ್ಮ, ಕೊರಳಲ್ಲಿ ಅಳತೆ ಟೇಪು.

"ಇದು ನಿಜವಾ?" ಎಂದರು ಸುತ್ತೋಲೆ, ನೋಟೀಸಿಗೆ ಬೆರಳು ತಾಗಿಸದೆ ತೋರಿಸುತ್ತ.

"ನನ್ನ ಸಹಿ ಇದೆಯಲ್ಲ."

"ಇದು ನಿಮ್ಮ ಮನೆಯವರದ್ದಾ?"

"ಹೌದು. ಒಂಬತ್ತು ವರ್ಷ ಅವಳೇ ನಡೆಸಿದಳು. ದಿನಾ ಸಂಜೆ ಎರಡು ಗಂಟೆ."

"ಒಂಬತ್ತು ವರ್ಷ! ನಮ್ಮ ತಲೆ ಮೇಲೆ!" ಸುತ್ತೋಲೆಯವರ ಮನೆ ನಮ್ಮ ಕೆಳಗೇ ಇದೆ. "ನಮಗೆ ಒಂದು ಮಾತು ಹೇಳಬೇಕಿತ್ತು."

"ಆಗ ಇಷ್ಟು ಬಿಸಿಯಾಗ್ತಿರಲಿಲ್ಲ."

ಹೊಲಿಗೆಯಮ್ಮ ಕೆನ್ನೆಗೆ ಕೈ ಹಚ್ಚಿಕೊಂಡರು. "ನಿನ್ನೆ ಗುಂಯ್ ಅಂತಿತ್ತಲ್ಲಣ್ಣ, ಅದೇನಾ? ನಾನು ನನ್ನ ಮಿಷನ್ ಕೆಟ್ಟಿತು ಅಂತ ಎಣ್ಣೆ ಬಿಟ್ಟೆ. ಅಕ್ಕ ಎಷ್ಟು ಮೆತ್ತಗಿದ್ರು! ಒಳಗೆ ಇಷ್ಟು ದೊಡ್ಡದು ಇಟ್ಟುಕೊಂಡಿದ್ರಾ?"

"ಪರೀಕ್ಷೆ ನಿಲ್ಲಿಸಿ. ಕಳಚಿ ಗುಜರಿಗೆ ಹಾಕಿ," ಎಂದರು ಸುತ್ತೋಲೆ.

"ಸಾಧ್ಯವಿಲ್ಲ. ನಾಳೆ ಒಂದೇ ದಿನ ಉಳಿದಿರೋದು. ಏನೇ ಆಗಲಿ, ಅವಳದ್ದನ್ನ ನಾಳೆ ಇಳಿಸಿಯೇ ತೀರ್ತೀನಿ."

"ಕೆಳಕ್ಕಾ?"

"ಮತ್ತೆ ಮೇಲಕ್ಕೆ ಇಳಿಸೋಕಾಗುತ್ತಾ?"

ಸುತ್ತೋಲೆ ತಮ್ಮ ಮನೆಯ ಚಾವಣಿ ಇರಬಹುದಾದ ಕಡೆಗೆ ನೋಡಿದರು. ಆಮೇಲೆ ಎರಡೆರಡು ಮೆಟ್ಟಿಲು ಹಾರಿ ಇಳಿದರು. ಅರವತ್ತೆಂಟರ ವಯಸ್ಸಿನಲ್ಲಿ ಅದು ಮೆಚ್ಚತಕ್ಕ ಸಂಗತಿ. ನಿವಾಸಿಗಳು ಇಷ್ಟು ಆಸಕ್ತಿ ತೋರಿದ್ದಕ್ಕೆ ನನಗೆ ಸಂತೋಷವಾಯಿತು.

ಮಾರನೆಯ ದಿನ ಮೂರೂವರೆಗೆ ನಾನು ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತೆ. ಪೆಟ್ಟಿಗೆಯ ತಗಡು ತೆಗೆದು, ಮೇಜಿನ ಫ್ಯಾನನ್ನು ಅದರ ಕಡೆ ತಿರುಗಿಸಿ, ಬಾಗಿಲಿನಿಂದ ಬಿಡಿಸಿ ತಂದ ನಮೂನೆಯನ್ನೂ ಪೆನ್ನನ್ನೂ ಪಕ್ಕದಲ್ಲಿ ಇಟ್ಟುಕೊಂಡೆ. ಅಷ್ಟರಲ್ಲಿ ಅವಳ ತಮ್ಮ ಬಂದ. ಅವನು ವಿಮಾ ಏಜೆಂಟು. ಸುತ್ತೋಲೆ ಅವನಿಗೆ ಬೆಳಿಗ್ಗೆಯೇ ಫೋನು ಮಾಡಿದ್ದರು.

"ಭಾವ, ನಮ್ಮನೆಗೆ ಹೋಗೋಣ ಬನ್ನಿ," ಎಂದ, ಎಳೆಯ ಮಗುವಿನೊಂದಿಗೆ ಮಾತಾಡುವ ದನಿಯಲ್ಲಿ. "ಬಟ್ಟೆ ನಾನು ಜೋಡಿಸ್ತೀನಿ. ಅಕ್ಕ ಗುಟ್ಟಾಗಿ ಲಾಂಡ್ರಿ ನಡೆಸ್ತಿದ್ದಳು ಅಂತ ಎಲ್ಲರಿಗೂ ಗೊತ್ತಾಗಿದೆ. ಮರೆತುಬಿಡೋಣ. ಪಾಪ, ಏನು ಕಷ್ಟವಿತ್ತೋ ಅವಳಿಗೆ."

"ಲಾಂಡ್ರಿಯಾ?"

"ಉಗಿ ಇಸ್ತ್ರಿಗಲ್ಲದೆ ಮನೇಲಿ ಬಾಯ್ಲರ್ ಇನ್ಯಾಕೆ? ನನಗೂ ಹೇಳಲಿಲ್ಲ ನೋಡಿ. ಒಂದು ಪಾಲಿಸಿ ಮಾಡಿಸ್ತಿದ್ದೆ."

ನಾಲ್ಕಾಯಿತು. ವೇಳೆಯೆಂದರೆ ವೇಳೆ. ನಾನು ಇಳಿಯುವ ಕೀಲಿ ಒತ್ತಿದೆ. ನೌಕೆ ಮೂತಿ ತಗ್ಗಿಸಿತು. ಮೂಲೆಯಲ್ಲಿ ಅಂಕಿಗಳು ಮೂಡಿದವು: ಸೆಕೆಂಡಿಗೆ ಇಪ್ಪತ್ತೆರಡು ಚಿತ್ರ, ಶಾಖ ಎಪ್ಪತ್ತನಾಲ್ಕು. ಅದೇ ಹೊತ್ತಿಗೆ ಕೆಳಗೆ ಬೀದಿಯಲ್ಲಿ ಅಗ್ನಿಶಾಮಕ ಗಾಡಿಯ ಗಂಟೆ ಬಾರಿಸಿತು, ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆಗಳು ಕೇಳಿದವು. ಅಗ್ನಿಶಾಮಕ ಅಧಿಕಾರಿ ಶಿರಸ್ತ್ರಾಣ ತೊಟ್ಟು ಕೋಣೆಗೆ ನುಗ್ಗಿದರು. ಅವರ ಹಿಂದೆ ನೀರಿನ ಕೊಳವೆ ಹಿಡಿದ ಇಬ್ಬರು, ಅವರ ಹಿಂದೆ ಸುತ್ತೋಲೆ, ಎಲ್ಲರಿಗಿಂತ ಹಿಂದೆ ಹೊಲಿಗೆಯಮ್ಮ.

"ಬಾಯ್ಲರ್ ಎಲ್ಲಿ?" ಎಂದರು ಅಧಿಕಾರಿ.

ನಾನು ಪೆನ್ನಿನಿಂದ ತೋರಿಸಿದೆ.

ಅಧಿಕಾರಿ ಬಗ್ಗಿದರು. ಶಿರಸ್ತ್ರಾಣ ತೆಗೆದು ಇನ್ನಷ್ಟು ಬಗ್ಗಿದರು. "ಇದಾ?"

"ಅದಲ್ಲ, ಅದಲ್ಲ," ಎಂದರು ಸುತ್ತೋಲೆ ಬಾಗಿಲ ಮರೆಯಿಂದ. "ಮಂಚದ ಕೆಳಗೆ ನೋಡಿ."

ಅಧಿಕಾರಿ ಮಂಚದ ಕೆಳಗೂ ನೋಡಿದರು. ಒಂದು ಸೂಟ್‌ಕೇಸು, ಅವಳ ಭೂಪಟಗಳ ಸುರುಳಿ, ಅಷ್ಟೇ. ಎದ್ದು ನಿಂತು ನಮೂನೆಯನ್ನು ತೆಗೆದುಕೊಂಡು ಮೇಲಿನಿಂದ ಕೆಳಗೆ ಓದಿದರು. ಅವರ ಮುಖದ ಬಣ್ಣ ಸಾಲಿಗೊಮ್ಮೆ ಬದಲಾಯಿತು.

"ಯಜಮಾನರೇ, ನಮ್ಮ ಗಾಡಿ ಕರೆಸಿದ್ದು ಒಂದು ಕಂಪ್ಯೂಟರ್ ಆಟಕ್ಕಾ?"

"ನಾನು ಕರೆಸಲಿಲ್ಲ ಸ್ವಾಮಿ. ನಾನು ನೋಟೀಸು ಹಚ್ಚಿದೆ."

"ಆಟ!" ಎಂದರು ಸುತ್ತೋಲೆ. ಈಗ ಅವರ ದನಿಗೆ ಧೈರ್ಯ ಬಂದಿತ್ತು. "ಲಾಂಡ್ರಿಯಾದರೂ ಆಗಿದ್ದರೆ ಒಪ್ಪಬಹುದಿತ್ತು."

"ಆರಿಸಿ ಅದನ್ನ," ಎಂದರು ಅಧಿಕಾರಿ. "ತಗಡು ಬಿಚ್ಚಿದ ಯಂತ್ರ, ಈ ಪಾಟಿ ಕೂಗ್ತಿದೆ. ನಾನು ನೋಡಿದ ಮೇಲೆ ಹೀಗೇ ಬಿಟ್ಟು ಹೋಗೋ ಹಾಗಿಲ್ಲ."

ತೆರೆಯ ಮೇಲೆ ಮೋಡ ಬಂತು. ಚಿತ್ರ ಹನ್ನೊಂದು. ಶಾಖ ಎಂಬತ್ತೇಳು.

"ಕೆಳಗೆ ನನ್ನ ಹೆಂಡತಿಯ ಮನೆ ಇದೆ," ಎಂದೆ. "ನೋಡು ಅಂತ ಹೇಳಿ ಹೋದಳು. ನಾಳೆ ಈ ಕಾರ್ಡಿನಲ್ಲಿ ಇದು ತೆರೆಯಲ್ಲ."

ಭಾವಮೈದುನ ನನ್ನ ತೋಳು ಹಿಡಿದಿದ್ದವನು ಬಿಟ್ಟ. ತೆರೆಯ ಅಂಚಿನ ಚೀಟಿಯ ಮೇಲಿನ ಅಕ್ಷರವನ್ನು ಅವನು ಆಗ ನೋಡಿದ. "ಇದು ಅಕ್ಕನ ಕೈಬರಹ," ಎಂದ.

ಎಂಬತ್ತೊಂಬತ್ತು. ತೊಂಬತ್ತು.

ಮೀರಬಾರದ ಶಾಖ ತೊಂಬತ್ತೆಂದು ಬರೆದವನು ನಾನು. ಮೊಹರೂ ನನ್ನದೇ. ಮೂವತ್ತನಾಲ್ಕು ವರ್ಷಗಳಲ್ಲಿ ಅಂಕಿ ಮೀರಿದ ಯಾವ ಬಾಯ್ಲರನ್ನೂ ನಾನು ಒಂದು ನಿಮಿಷ ಉರಿಯಗೊಟ್ಟಿರಲಿಲ್ಲ. ಗಿರಣಿಯ ಮಾಲೀಕರು ಕೈಮುಗಿದರೂ ಬೆಂಕಿ ಆರಿಸಿಯೇ ಬಂದಿದ್ದೇನೆ. ನಾನು ಅಧಿಕಾರಿಯ ಕೈಯಿಂದ ನಮೂನೆಯನ್ನು ತೆಗೆದುಕೊಂಡೆ. ತೊಂಬತ್ತರ ಮೇಲೆ ಗೆರೆ ಎಳೆದೆ. ತೊಂಬತ್ತೈದು ಎಂದು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದೆ. ದೇವರಿಗೂ ಇಲಾಖೆಗೂ ಒಟ್ಟಿಗೇ ಕ್ಷಮೆ ಕೇಳಿ ನಮೂನೆಯನ್ನು ಹಿಂದಕ್ಕೆ ಕೊಟ್ಟೆ.

ಅಧಿಕಾರಿ ತಿದ್ದುಪಡಿಯನ್ನು ನೋಡಿದರು. ನನ್ನನ್ನು ನೋಡಿದರು. "ಇನ್ನೆಷ್ಟು ಹೊತ್ತು?"

"ಐದು ನಿಮಿಷ ಸಾಕು."

"ಆ ಫ್ಯಾನ್ ತಪ್ಪು ಕಡೆ ಇಟ್ಟಿದ್ದೀರಿ. ಬಿಸಿಗಾಳಿ ಹಿಂದಿನಿಂದ ಹೊರಗೆ ಹೋಗಬೇಕು," ಎಂದು ಅವರೇ ತಿರುಗಿಸಿದರು. ಕೊಳವೆ ಹಿಡಿದವರಲ್ಲಿ ಒಬ್ಬನಿಗೆ, "ಕಿಟಕಿ ತೆಗಿ," ಎಂದರು.

ಆಮೇಲೆ ನಡೆದದ್ದನ್ನು ನೋಡಿದ್ದರೆ ಅವಳು ಹೊಟ್ಟೆ ಹಿಡಿದು ನಗುತ್ತಿದ್ದಳು. ಹೊಲಿಗೆಯಮ್ಮ ಓಡಿಹೋಗಿ ಅಂಗಿ ಕತ್ತರಿಸುವ ಅಳತೆಯ ದೊಡ್ಡ ರಟ್ಟನ್ನು ತಂದು ಪೆಟ್ಟಿಗೆಗೆ ಗಾಳಿ ಬೀಸತೊಡಗಿದರು. ಭಾವಮೈದುನ ಫ್ರಿಜ್ಜಿನ ಐಸನ್ನು ಟವೆಲಿನಲ್ಲಿ ಸುತ್ತಿ ಪೆಟ್ಟಿಗೆಯ ನೆತ್ತಿಗೆ ಹಿಡಿದ, ಜ್ವರ ಬಂದವರಿಗೆ ಹಿಡಿದಂತೆ. ದೀಪ ಒಮ್ಮೆ ಮಂಕಾಯಿತು. ಸುತ್ತೋಲೆ ಮೆಟ್ಟಿಲ ಬಾಯಿಗೆ ಹೋಗಿ, "ಲಿಫ್ಟ್ ನಿಲ್ಲಿಸಿ! ಮೋಟಾರ್ ನಿಲ್ಲಿಸಿ! ಎರಡನೇ ಮಹಡಿ, ಮಿಕ್ಸಿ ಆರಿಸಿ! ಕಾರಣ ಆಮೇಲೆ ಸುತ್ತೋಲೆಯಲ್ಲಿ ಬರುತ್ತೆ!" ಎಂದು ಕೂಗಿದರು.

ಶಾಖ ತೊಂಬತ್ತಮೂರಕ್ಕೆ ಹೋಗಿ ನಿಂತಿತು. ಚಿತ್ರ ಒಂಬತ್ತಕ್ಕೆ ಇಳಿಯಿತು. ಹೊಸ ಕಾರ್ಡಾಗಿದ್ದರೆ ಮೋಡ ದಾಟಿ ನೆಲ ಮುಟ್ಟಲು ಒಂದು ಉಸಿರು ಸಾಕಿತ್ತು. ನಮ್ಮದು ಒಂದೊಂದೇ ಚಿತ್ರವನ್ನು ಯೋಚಿಸಿ ಯೋಚಿಸಿ ಬರೆದು ಕೊಟ್ಟಿತು. ಒಂದು ಮೋಡ, ತುಸು ತಡೆದು, ಅದೇ ಮೋಡದ ಅಂಚು, ತಡೆದು, ಬೆಟ್ಟದ ತುದಿ. ಯಾರೋ ಆಲ್ಬಮ್ಮಿನ ಪುಟಗಳನ್ನು ಒಂದೊಂದಾಗಿ ತಿರುಗಿಸಿ ತೋರಿಸಿದಂತಿತ್ತು. ಕಣ್ಣು ಬೇರೆಡೆ ತಿರುಗಿಸಲು ಸಂಪಾದಕೀಯವೂ ಕೈಯಲ್ಲಿರಲಿಲ್ಲ. ನಾನು ಪ್ರತಿಯೊಂದನ್ನೂ ನೋಡಿದೆ. ಒಂಬತ್ತು ಕೊಟ್ಟ ದೇವರಲ್ಲಿ ಹತ್ತು ಕೇಳುವ ಮನಸ್ಸಾಗಲಿಲ್ಲ.

"ಅಗೋ ಮನೆ," ಎಂದರು ಹೊಲಿಗೆಯಮ್ಮ, ರಟ್ಟು ಬೀಸುವುದನ್ನು ಬಿಡದೆ.

ಚಿಕ್ಕ ಮನೆ. ಪಕ್ಕದಲ್ಲಿ ಒಂದು ಮರ, ಗೋಡೆಯ ಮೇಲೆ ಅದರ ನೆರಳು. ನೌಕೆ ಅಂಗಳದಲ್ಲಿ ಧೂಳೆಬ್ಬಿಸಿ ಕೂತಿತು. ನಾನು ಚೀಟಿ ನೋಡಿಕೊಂಡು ಮುಂದಕ್ಕೆ ಹೋಗುವ ಕೀಲಿ ಒತ್ತಿದೆ. ಒಂದು ಹೆಜ್ಜೆ, ತಡೆ, ಇನ್ನೊಂದು ಹೆಜ್ಜೆ. ಬಾಗಿಲ ಪಕ್ಕದಲ್ಲಿ ಒಂದು ಫಲಕ ನೆಟ್ಟಿದ್ದಳು. ಅಕ್ಷರಗಳು ಮೊದಲು ಮಸುಕಾಗಿದ್ದವು. ಕಾರ್ಡು ಏದುಸಿರು ಬಿಡುತ್ತ ಅವನ್ನೂ ಬರೆದು ಮುಗಿಸಿತು. ಅಧಿಕಾರಿ ನನ್ನ ಹೆಗಲ ಮೇಲಿನಿಂದ ಬಗ್ಗಿ ಗಟ್ಟಿಯಾಗಿ ಓದಿದರು:

"'ಕೊನೆಗೂ ಬಂದ್ರಾ? ನೆಲ ಈಗಷ್ಟೇ ಒರೆಸಿದ್ದೀನಿ. ಚಪ್ಪಲಿ ಹೊರಗೇ ಬಿಟ್ಟು ಬನ್ನಿ.'"

ಭಾವಮೈದುನ ಐಸಿನ ಟವೆಲಿನಿಂದಲೇ ಮುಖ ಒರೆಸಿಕೊಂಡ.

ನಾನು ಮೇಜಿನ ಕೆಳಗೆ ಕಾಲು ಸರಿಸಿ ಚಪ್ಪಲಿ ಬಿಟ್ಟೆ. ಹಿಂದೆ ಹೊಲಿಗೆಯಮ್ಮ ಬಿಟ್ಟರು, ಸುತ್ತೋಲೆ ಬಿಟ್ಟರು. ಅಗ್ನಿಶಾಮಕ ಅಧಿಕಾರಿ ತಮ್ಮ ಬೂಟುಗಳನ್ನೊಮ್ಮೆ ನೋಡಿಕೊಂಡು, "ಒಂದು ನಿಮಿಷ ತಡೀರಿ ಯಜಮಾನರೇ, ಆಮೇಲೆ ಬಾಗಿಲು ತೆಗೀರಿ," ಎಂದು ಬಗ್ಗಿ ಲೇಸು ಬಿಚ್ಚತೊಡಗಿದರು.